ಕೊಕ್ಕೆ ಚಾಕು, ಹದಿನೇಳು ‘ಅಲ್ಲ’

ಆ ಚಾಕುವನ್ನು ನಾನು ಮೊದಲು ನೋಡಿದ್ದು ಕಡ್ಡಿರಾಂಪುರದ ಒಂದು ಮನೆಯ ಪಡಸಾಲೆಯಲ್ಲಿ, ನನ್ನ ಮೂರನೆಯ ಭೇಟಿಯ ದಿನ. ಮಂಚದ ಮೇಲೆ ಕೂತಿದ್ದ ಹಿರಿಯರು ಎಡಗೈಯಿಂದ ಹಾಸಿಗೆಯ ಅಡಿಯಲ್ಲಿ ತಡಕಾಡಿ ಅದನ್ನು ಹೊರಗೆಳೆದು ನನ್ನ ಮುಂದೆ ಹಿಡಿದರು. ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

“ಮಾಮ, ಕೊಡ್ರಿ ಇಲ್ಲಿ, ಕೈ ಕೊಯ್ಕಂತೀರಿ,” ಎಂದು ಕಿತ್ತುಕೊಂಡು ನನಗೆ ತೋರಿಸಿದಳು. “ನೋಡ್ರಿ ಮೇಡಂ, ದಿನಾ ಇದೇ. ಹಳೇ ಟ್ರಂಕಿನಾಗಿಂದ ತೆಗೆಸ್ಕಂಡಾರ. ಎಲ್ಲಿ ಇಟ್ರೂ ಹುಡುಕ್ತಾರ. ತಲಿ ಏನರ ಕೆಟ್ಟೈತೋ ಏನೋ.”

ಹೊಸಪೇಟೆಯ ಒಂದು ಪುನಶ್ಚೇತನ ಕೇಂದ್ರದಲ್ಲಿ ನಾನು ಮಾತಿನ ಚಿಕಿತ್ಸೆ ಮಾಡುವವಳು. ಲಕ್ವ ಹೊಡೆದು ಮಾತು ಹೋದವರ ಮನೆಗೆ ವಾರಕ್ಕೆರಡು ಸಲ ಹೋಗುತ್ತೇನೆ. ಈ ಹಿರಿಯರಿಗೆ ಬಲಗೈ ಬಲಗಾಲು ಎರಡೂ ಸೋತಿದ್ದವು, ಮಾತು ಪೂರ್ತಿ ನಿಂತಿತ್ತು. ನುಂಗುವುದೂ ಕಷ್ಟವಾಗಿದ್ದರಿಂದ ಕುಡಿಯುವ ನೀರಿಗೆ ಪುಡಿ ಬೆರೆಸಿ, ಗಂಜಿಯ ಹದಕ್ಕೆ ತಂದು, ಚಮಚದಲ್ಲಿ ಕೊಡಬೇಕಿತ್ತು. ಬರಿ ನೀರು ಕುಡಿದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ.

ನಮ್ಮಲ್ಲೊಂದು ಕ್ರಮವಿದೆ. ಆರನೆಯ ವಾರದ ಕೊನೆಗೆ ನಾನು ವರದಿ ಕೊಡಬೇಕು. ಅದರಲ್ಲಿ ಎಲ್ಲರೂ ಮೊದಲು ನೋಡುವುದು ಒಂದೇ ಸಾಲು: ಹೇಳಿದ್ದು ಅರ್ಥವಾಗುತ್ತದೆಯೇ, ಇಲ್ಲವೇ? ಅರ್ಥವಾಗುತ್ತದೆ ಎಂದರೆ ಚಿಕಿತ್ಸೆ ಮುಂದುವರಿಯುತ್ತದೆ. ಇಲ್ಲ ಎಂದರೆ ಹೆಸರು ‘ಮನೆ ಆರೈಕೆ’ ಪಟ್ಟಿಗೆ ಹೋಗುತ್ತದೆ, ನಾನೂ ಹೋಗುವುದಿಲ್ಲ, ನಡಿಗೆ ಕಲಿಸುವವರೂ ಹೋಗುವುದಿಲ್ಲ. ಕಾಯುವವರ ಸಾಲು ಉದ್ದ, ಹೋಗುವವರು ನಾವು ನಾಲ್ಕೇ ಜನ. ಆ ಪಟ್ಟಿಗೆ ಸೇರಿದವರು ಮಂಚ ಬಿಟ್ಟು ಎದ್ದದ್ದನ್ನು ನಾನು ಹೆಚ್ಚು ನೋಡಿಲ್ಲ.

ಈ ಹಿರಿಯರದು ಆ ಪಟ್ಟಿಯ ದಾರಿಯೇ ಆಗಿತ್ತು. ಸೇಬು, ರೈಲು, ಛತ್ರಿ ಇರುವ ನನ್ನ ಚಿತ್ರದ ಕಾರ್ಡುಗಳನ್ನು ಅವರು ಒಂದೊಂದಾಗಿ ಬೋರಲು ಹಾಕುತ್ತಿದ್ದರು. “ಈಗ ರಾತ್ರಿಯಾ?” ಎಂದು ಕೇಳಿದರೆ ಗೋಡೆ ನೋಡುತ್ತಿದ್ದರು. ಹಾಗಾಗಿ ಅವರಾಗಿಯೇ ಆಸಕ್ತಿ ತೋರಿಸಿದ ವಸ್ತು ಕೈಗೆ ಸಿಕ್ಕಾಗ ನನಗೆ ಖುಷಿಯೇ ಆಯಿತು. ಚಾಕುವಿನಿಂದಲೇ ಶುರುಮಾಡೋಣ ಎಂದುಕೊಂಡೆ.

ಅಂಥ ಚಾಕು ನಾನು ಕಂಡಿರಲಿಲ್ಲ. ಅಲಗು ಒಂದು ಗೇಣಿನಷ್ಟು, ತುದಿಯಲ್ಲಿ ಗಿಳಿಯ ಕೊಕ್ಕಿನಂತೆ ಒಳಕ್ಕೆ ಬಾಗಿದ್ದು. ಹರಿತವೆಲ್ಲ ಆ ಬಾಗಿನ ಒಳಗೆ ಮಾತ್ರ. ಹೊರಮೈ ಬೆರಳು ಜಾರುವಷ್ಟು ನಯ. ವಿಚಿತ್ರವೆಂದರೆ ಮೂತಿ. ಚಾಕುವಿನ ಮೂತಿ ಚುಚ್ಚಬೇಕು, ಇದರದನ್ನು ಯಾರೋ ಬೇಕೆಂದೇ ಉಜ್ಜಿ ಕಡಲೆಕಾಳಿನಂತೆ ಮೊಂಡು ಮಾಡಿದ್ದರು. ಹಿಡಿಗೆ ಮಾಸಿದ ದಪ್ಪ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಹಿಡಿಯ ಬುಡದಲ್ಲಿ ಮೂರು ಗೀರು.

“ಇದು ಯಾತಕ್ಕಮ್ಮ?” ಎಂದು ಸೊಸೆಯನ್ನು ಕೇಳಿದೆ.

“ನಾನು ಈ ಮನಿಗೆ ಬಂದಾಗಿಂದ ಒಮ್ಮೆನೂ ನೋಡಿಲ್ರಿ. ಮೊದಲು ಸಂಡೂರು ಕಡೆ ಮೈನ್ಸಿನಾಗ ಇದ್ರಂತ. ನಾನು ಬಂದಮ್ಯಾಲ ಬಾಳಿತೋಟಕ್ಕ ಕೂಲಿಗೆ ಹೋಗಾರು. ಅತ್ತಿ ಇದ್ದಿದ್ರ ಹೇಳ್ತಿದ್ರೇನೋ.”

ಹಿರಿಯರ ಮಗ ಹಂಪಿಯಲ್ಲಿ ಆಟೋ ಓಡಿಸಿ ಪ್ರವಾಸಿಗರಿಗೆ ಊರು ತೋರಿಸುವವನು. ಮಧ್ಯಾಹ್ನ ಊಟಕ್ಕೆ ಬಂದವನು ಚಾಕು ನೋಡಿ, ಅದು ರಾಜರ ಕಾಲದ್ದು, ಆನೆಯ ಮಾವುತರು ಇಟ್ಟುಕೊಳ್ಳುತ್ತಿದ್ದದ್ದು ಎಂದುಬಿಟ್ಟ. ಕಲ್ಲಿನ ತೊಟ್ಟಿ ಕಂಡರೂ ರಾಣಿ ಮಿಂದದ್ದು ಎನ್ನುವ ಕಸುಬು ಅವನದು. ಹಿರಿಯರು ಮಗನನ್ನು ನೋಡಿದ ನೋಟಕ್ಕೆ ಮಾತೇ ಬೇಕಿರಲಿಲ್ಲ. ಆದರೆ ನೋಟವನ್ನು ವರದಿಯಲ್ಲಿ ಬರೆಯಲು ನಮ್ಮಲ್ಲಿ ಕಾಲಮ್ಮಿಲ್ಲ.

ನಾನು ನನ್ನ ಕ್ರಮಕ್ಕಿಳಿದೆ. ಮಾತು ಹೋದವರಿಗೆ ಹೌದು-ಅಲ್ಲ ಎಂಬ ಎರಡು ಉತ್ತರ ಗಟ್ಟಿಯಾದರೆ ಅರ್ಧ ಜೀವ ಬಂದಂತೆ. ಒಂದೊಂದೇ ಪ್ರಶ್ನೆ, ನಿಧಾನ, ನಡುವೆ ಐದು ಎಣಿಸುವಷ್ಟು ಬಿಡುವು. ಕಬ್ಬು ಕಡಿಯಾಕ? ತಲೆಯಾಡಿಸಿದರು, ಅಲ್ಲ. ಬಾಳೆಗೊನೆಗೆ? ಅಲ್ಲ. ಬಾಳೆಯ ಒಣಗಿದ ಎಲೆ ಸವರಾಕ? ಅಲ್ಲ. ಮೇವಿಗೆ, ತೆಂಗಿಗೆ, ಕುರಿಯ ಗೊರಸಿಗೆ, ಚರ್ಮಕ್ಕೆ, ಮೀನಿಗೆ, ಹರಿಗೋಲಿನ ಬಿದಿರಿಗೆ, ಹಗ್ಗಕ್ಕೆ. ಒಂದು ದಿನಕ್ಕೆ ನಾಲ್ಕೈದು ಪ್ರಶ್ನೆಯಂತೆ ಎರಡು ವಾರ ಕೇಳಿದೆ. ಹತ್ತು ಪ್ರಶ್ನೆ ಮುಗಿದ ಮೇಲೆ, ಇವರಿಗೆ ಸುಲಭವಾದದ್ದನ್ನೇ ಕೇಳೋಣ ಎಂದು ಹನ್ನೊಂದನೆಯದಾಗಿ “ಈ ಚಾಕು ನಿಮ್ಮದೇನ್ರಿ?” ಎಂದೆ.

ಅದಕ್ಕೂ ತಲೆಯಾಡಿಸಿದರು, ಅಲ್ಲ.

ನನ್ನ ಪೆನ್ನು ಅಲ್ಲೇ ನಿಂತಿತು. ಅವರದೇ ಟ್ರಂಕು, ಅವರೇ ತೆಗೆಸಿಕೊಂಡ ಚಾಕು, ಎದೆಗವಚಿಕೊಂಡು ಕೂರುವವರೂ ಅವರೇ. ನಮ್ಮ ವಿದ್ಯೆಯಲ್ಲಿ ಇದಕ್ಕೊಂದು ವಿವರಣೆ ಸಿದ್ಧವಾಗಿದೆ: ಮಿದುಳಿಗೆ ಪೆಟ್ಟು ಬಿದ್ದವರು ಕೆಲವೊಮ್ಮೆ ಒಂದೇ ಉತ್ತರಕ್ಕೆ ಅಂಟಿಕೊಳ್ಳುತ್ತಾರೆ, ಏನು ಕೇಳಿದರೂ ಅದನ್ನೇ ಹೇಳುತ್ತಾರೆ. ಆಮೇಲೆ ಹೊಲ-ಹೊಳೆಯ ಕೆಲಸಗಳ ಬಗ್ಗೆಯೇ ಕೇಳಿದ ಇನ್ನೂ ಆರು ಪ್ರಶ್ನೆಗಳನ್ನು ನಾನು ಉತ್ತರಕ್ಕಾಗಿ ಕೇಳಲಿಲ್ಲ, ಆ ವಿವರಣೆ ಸರಿಯೇ ಎಂದು ನೋಡಲು ಕೇಳಿದೆ. ಹದಿನೇಳಕ್ಕೆ ಹದಿನೇಳೂ ‘ಅಲ್ಲ’. ನೋಟ್‌ಬುಕ್ಕಿನಲ್ಲಿ ಬರೆದೆ: ಒಂದೇ ಉತ್ತರದ ಪುನರಾವರ್ತನೆ, ಹೌದು-ಅಲ್ಲ ನಂಬಲಾಗದು.

ಅದರ ಕೆಳಗೆ ಇನ್ನೊಂದು ಸಾಲೂ ಸೇರಿತು. ಚಾಕು ಕೈಗೆ ಬಂದಾಗಲೆಲ್ಲ ಅವರು ಮೂಲೆಯ ನೀರಿನ ಕೊಡದತ್ತ ಬೆರಳು ತೋರಿಸುತ್ತಿದ್ದರು. ಸೊಸೆ ಪಾಪ, ಒಲೆಯ ಮೇಲಿದ್ದದ್ದನ್ನು ಬಿಟ್ಟು ಬಂದು ಪುಡಿ ಕಲಸಿದ ನೀರನ್ನು ಚಮಚದಲ್ಲಿ ಹಿಡಿಯುತ್ತಿದ್ದಳು. ಅವರು ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದರು. ಒಮ್ಮೆ ನಾನೇ ಬಲವಂತ ಮಾಡಿ ಒಂದು ಚಮಚ ಕುಡಿಸಿದೆ. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು, ಚಮಚ ಗೋಡೆಗೆ ಹೋಗಿ ಬಿತ್ತು. “ಕೇಳೋರೂ ಇವರೇ, ಬ್ಯಾಡ ಅನ್ನೋರೂ ಇವರೇ,” ಎಂದು ಸೊಸೆ ಸೆರಗಿನಿಂದ ಅವರ ಗಡ್ಡ ಒರೆಸಿದಳು. ನಾನು ಬರೆದುಕೊಂಡೆ: ನೀರು ಕೇಳುತ್ತಾರೆ, ಕೊಟ್ಟರೆ ನಿರಾಕರಿಸುತ್ತಾರೆ, ವರ್ತನೆ ಅಸಂಗತ.

ಮಗ ತಂದಿದ್ದ ಹೊಸ ಹವಾಯಿ ಚಪ್ಪಲಿಯನ್ನು ಒದೆಯುವುದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಕಡೆ ಕೈ ಮಾಡಿ ಗುರುಗುಟ್ಟುವುದು, ಬಚ್ಚಲಿಗೆ ಕರೆದೊಯ್ದರೆ ಸಿಟ್ಟಾಗುವುದು, ಇವೆಲ್ಲ ಅದೇ ಸಾಲಿನ ಹಿಂದೆ ಹೋಗಿ ಸೇರಿಕೊಂಡವು. ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ ನನ್ನ ವರದಿಯ ಕರಡು ಹೆಚ್ಚುಕಡಿಮೆ ತಯಾರಾಗಿತ್ತು. ‘ಇಲ್ಲ’ ಎಂದು ಬರೆಯುವುದಷ್ಟೇ ಬಾಕಿ.

ಬರೆಯಲು ಮನಸ್ಸು ಒಪ್ಪಲಿಲ್ಲ. ದೊಡ್ಡ ಕಾರಣವೇನಿಲ್ಲ. ಅವರ ತಲೆಯಾಡಿಸುವಿಕೆಯಲ್ಲಿ ಒಂದು ಬೇಸರವಿತ್ತು, ದಡ್ಡ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರ ಬೇಸರ. ಅರ್ಥವಾಗದವರಿಗೆ ಬೇಸರ ಬರುವುದು ಹೇಗೆ? ಪರೀಕ್ಷೆ ಮಾಡಬೇಕಾದದ್ದು ನನ್ನ ಪ್ರಶ್ನೆಗಳನ್ನೇ ಎನ್ನಿಸಿತು. ಚಾಕು ಯಾತಕ್ಕೆಂದು ಬೇರೆ ಕಡೆಯಿಂದ ತಿಳಿದುಕೊಂಡು ಬಂದರೆ ಅವರ ಉತ್ತರಗಳನ್ನು ಒರೆಗೆ ಹಚ್ಚಬಹುದಿತ್ತು. ಸೊಸೆಯ ಒಪ್ಪಿಗೆ ಪಡೆದು, ಹಿರಿಯರಿಗೂ ತೋರಿಸಿ, ಚಾಕುವನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಈ ಸಲ ಅವರು ಗುರುಗುಟ್ಟಲಿಲ್ಲ, ಕಣ್ಣರಳಿಸಿ ನೋಡಿದರು.

ಮರುದಿನ ನನಗೆ ಕಂಪ್ಲಿಯಲ್ಲಿ ಇನ್ನೊಬ್ಬರ ಮನೆಯ ಭೇಟಿಯಿತ್ತು. ಬಸ್ಸಿನಲ್ಲಿ ಟಿಕೆಟ್ಟಿಗೆ ಚಿಲ್ಲರೆ ತೆಗೆಯುವಾಗ ಪೇಪರು ಹರಿದು ಕೊಕ್ಕೆ ಇಣುಕಿತು. ಕಂಡಕ್ಟರು ಎರಡು ಹೆಜ್ಜೆ ಹಿಂದೆ ಸರಿದು, “ಏನ್ರಕ್ಕ ಇದು?” ಎಂದ. “ಅದನ್ನ ಕೇಳಾಕ ಹೊಂಟೀನಪ್ಪ,” ಎಂದೆ. ಆಮೇಲೆ ನನ್ನ ಪಕ್ಕದ ಸೀಟು ಕಂಪ್ಲಿಯವರೆಗೂ ಖಾಲಿಯೇ ಇತ್ತು.

ಆ ಭೇಟಿ ಮುಗಿಸಿ ನಾನು ಹುಡುಕಿಕೊಂಡು ಹೋದ ಕಂಪ್ಲಿಯ ಕಮ್ಮಾರರು ಐವತ್ತರ ಆಸುಪಾಸಿನವರು, ಭತ್ತದ ಕುಡುಗೋಲು ಮಾಡಿಯೇ ಹೆಸರಾದವರು. ಚಾಕುವನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಬಡಿದು ನೋಡಿ, “ಇದು ನಮ್ಮೋರು ಮಾಡಿದ್ದಲ್ಲ. ಸುತ್ತಿಗಿ ಏಟು ಒಂದರ ಕಾಣ್ತೈತೇನ್ರಿ?” ಎಂದರು. ಹಿಡಿಯ ಸಂದಿಯಲ್ಲಿ ಅರ್ಧ ಸವೆದ, ಗರಗಸದಂಥ ಸಣ್ಣ ಹಲ್ಲುಗಳನ್ನು ತೋರಿಸಿದರು. ನಾನು ಎಷ್ಟೋ ಸಲ ಮುಟ್ಟಿದ್ದೆ, ತುಕ್ಕು ಎಂದುಕೊಂಡಿದ್ದೆ.

ಅವರು ಕರೆಂಟಿನ ಸಾಣೆ ತಿರುಗಿಸಿ, ಅಲಗಿನ ಬುಡವನ್ನು ಮಾತ್ರ ಕ್ಷಣ ತಾಗಿಸಿದರು. ಪಕ್ಕದಲ್ಲಿದ್ದ ಲಾರಿಯ ಸ್ಪ್ರಿಂಗ್ ಪಾಟಾದ ತುಂಡನ್ನೂ ತಾಗಿಸಿದರು. ಪಾಟಾದಿಂದ ಬೆಳ್ಳಗೆ ಸಿಡಿಸಿಡಿ ಕಿಡಿ ಹಾರಿದವು. ಚಾಕುವಿನಿಂದ ಬಂದದ್ದು ಕೆಲವೇ ಕೆಲವು, ಕಡುಗೆಂಪು, ಸಿಡಿಯದೆ ಆರಿಹೋಗುವಂಥವು.

“ಮಿಷನ್ ಹ್ಯಾಕ್ಸಾ ಬ್ಲೇಡು,” ಎಂದರು ಕಮ್ಮಾರರು. “ಕಬ್ಬಿಣ ಕೊಯ್ಯೋ ಬ್ಲೇಡು. ಇಂಥ ಕೆಂಪು ಕಿಡಿ ಅದರದ್ದ. ಬಗ್ಗಿಸಿದ್ರ ಲಟಕ್ ಅಂತ ಮುರಿತೈತಿ. ಅದಕ್ಕ ಯಾರೋ ಕುಂತು ಸಾಣಿಗೆ ಹಿಡಿದು ಹಿಡಿದು ಈ ಕೊಕ್ಕಿ ಇಳಿಸ್ಯಾರ. ಎರಡು ದಿನದ ಕೆಲಸ. ಇದು ಹೊಲದ್ದಲ್ಲರಿ ಮೇಡಂ, ವರ್ಕ್‌ಶಾಪಿನ ಮಾಲು. ಹಿಡಿಗೆ ಸುತ್ತಿದ ಬಟ್ಟಿ ನೋಡ್ರಿ, ಇದು ಉಡೋ ಬಟ್ಟಿನಾ?”

ಅಲ್ಲಿಗೆ, ‘ನಿಮ್ಮದೇನ್ರಿ’ ಎಂದದ್ದೊಂದನ್ನು ಬಿಟ್ಟು, ನನ್ನ ಉಳಿದ ಹದಿನಾರು ಪ್ರಶ್ನೆಗಳು ಒಟ್ಟಿಗೆ ಬಿದ್ದುಹೋದವು. ಕಬ್ಬು, ಬಾಳೆ, ಕುರಿ, ಮೀನು ಎಂದು ಹೊಲದಿಂದ ಹೊಳೆಗೆ, ಹೊಳೆಯಿಂದ ಹೊಲಕ್ಕೆ ಓಡಾಡಿದ್ದೆ. ಮೈನ್ಸಿನಲ್ಲಿ ಇದ್ದರೆಂದು ಸೊಸೆ ಮೊದಲ ದಿನವೇ ಹೇಳಿದ್ದಳು. ಆದರೂ ಚಾಕು ಅಂದಕೂಡಲೇ ನನಗೆ ಕಂಡದ್ದು ಹೊಲ ಮಾತ್ರ.

ಐದನೆಯ ವಾರ ಸಂಡೂರಿನಲ್ಲಿ ನಮ್ಮ ಕೇಂದ್ರದ ಶಿಬಿರವಿತ್ತು. ಅದು ಮುಗಿದ ಮೇಲೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಹಳೆಯ ಮೈನ್ಸ್ ವರ್ಕ್‌ಶಾಪಿನವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಹಿಡಿಯ ಬಟ್ಟೆಯ ಪಟ್ಟಿ ನೋಡಿದ ಒಬ್ಬರು, “ಇದು ಬೆಲ್ಟಿನ ಪದರ. ಬೆಲ್ಟ್ ಗ್ಯಾಂಗಿನೋರನ್ನ ಕೇಳ್ರಿ,” ಎಂದು ರಸ್ತೆಯಾಚೆಯ ಪಂಕ್ಚರ್ ಅಂಗಡಿ ತೋರಿಸಿದರು.

ಪಂಕ್ಚರ್ ಅಂಗಡಿಯವರಿಗೂ ಹಿರಿಯರಷ್ಟೇ ವಯಸ್ಸು. ಪೇಪರು ಬಿಚ್ಚಿದವರೇ ಗಟ್ಟಿಯಾಗಿ ನಕ್ಕುಬಿಟ್ಟರು.

“ಎಲ್ಲಿ ಸಿಕ್ತುರೀ ಇದು? ಇದು ನಂದು!”

“ನಿಮ್ಮದಾ?” ಎಂದು, ಕಡ್ಡಿರಾಂಪುರದ ಹಿರಿಯರ ಟ್ರಂಕಿನಲ್ಲಿ ಸಿಕ್ಕಿದ್ದೆಂದು ಹೇಳಿದೆ.

“ನನ್ ಕೈಯಾಗ ಮಾಡಿದ್ದು. ಬುಡದಾಗ ಮೂರು ಗೀರು ಅದಾವಲ್ಲ, ಅದು ನನ್ ಗುರ್ತು. ಮೈನ್ಸ್ ಬಂದ್ ಆದ ದಿನ ಗಡಿಬಿಡಿಯಾಗ ಅವನ ಟ್ರಂಕಿಗೆ ಸೇರಿ ಹೋಗಿತ್ತು. ವಾಪಸ್ ಕೊಡಾಕ ಬಂದಿದ್ದ, ಇಟ್ಕಳಲೇ ಅಂದೆ. ಆದ್ರೂ ಸಿಕ್ಕಾಗೆಲ್ಲ, ನಿನ್ ಚಾಕು ನನ್ ಹತ್ರ ಐತಿ, ನಂದಲ್ಲ ಅದು, ಅಂತಿದ್ದ. ಹೆಂಗ್ ಅದಾನ್ರಿ?”

ನನಗೆ ಹನ್ನೊಂದನೆಯ ಪ್ರಶ್ನೆ ನೆನಪಾಯಿತು. ಹಿರಿಯರ ಸ್ಥಿತಿ ಹೇಳಿದೆ. ಅವರು ಚಾಕು ಹಿಡಿದುಕೊಂಡೇ ಎದ್ದು ಅಂಗಡಿಯ ಹಿಂದಿನಿಂದ ಹಳೆಯ ಕನ್ವೇಯರ್ ಬೆಲ್ಟಿನ ಒಂದು ತುಂಡು ತಂದರು. ಗಣಿಯಲ್ಲಿ ಅದಿರು ಹೊತ್ತು ಓಡುವ ಪಟ್ಟಿ ಅದು, ಹೆಬ್ಬೆರಳಿನಷ್ಟು ದಪ್ಪ.

“ಮ್ಯಾಲ ರಬ್ಬರ್, ಕೆಳಗ ರಬ್ಬರ್, ನಡುವ ನಾಕು ಪದರ ಬಟ್ಟಿ. ಬೆಲ್ಟ್ ಹರೀತಂದ್ರ ಎರಡೂ ತುದಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಒಂದರ ಮ್ಯಾಲ ಒಂದು ಕುಂದ್ರಿಸಿ ಅಂಟಿಸಬೇಕು. ಒಂದು ಪದರ ಕೊಯ್ಯುವಾಗ ಅದರ ಕೆಳಗಿನ ಪದರಕ್ಕ ಗೀರು ಬೀಳಂಗಿಲ್ಲ. ಬಿತ್ತೋ, ಜಾಯಿಂಟು ಅಲ್ಲೇ ಬಾಯಿ ಬಿಡ್ತೈತಿ. ಅದಕ್ಕ ಈ ಮೂತಿ ಮೊಂಡ. ಕೆಳಗಿನ ಪದರದ ಮ್ಯಾಲ ಜಾರ್ಕೆಂತ ಹೊಕ್ಕೈತಿ, ಕೊಕ್ಕಿ ಮ್ಯಾಲಿಂದನ್ನ ಅಷ್ಟ ಕೊಯ್ತೈತಿ. ಅವನ ಕೈಯಾಗಂತೂ ಭಾಳ ಚಂದ ಓಡ್ತಿತ್ತು.”

ಹೇಳುತ್ತಲೇ ಅವರ ಕೈ ತಾನಾಗಿ ಪಕ್ಕದ ಡಬ್ಬಿಯೊಳಗೆ ಹೋಯಿತು. ಚಾಕುವನ್ನು ನೀರಿನಲ್ಲಿ ಅದ್ದಿ, ಬೆಲ್ಟಿನ ಮೇಲೆ ಎರಡು ಹನಿ ಚಿಮುಕಿಸಿ, ಕೊಕ್ಕೆ ಹಾಕಿ ತಮ್ಮ ಕಡೆಗೆ ಎಳೆದರು. ರಬ್ಬರು ಬೆಣ್ಣೆಯಂತೆ ಬಿಟ್ಟುಕೊಂಡಿತು.

“ನೀರು ಯಾಕ್ರಿ?” ಎಂದೆ.

“ನೀರಿಲ್ದ ರಬ್ಬರ್ ಕೊಯ್ಯಾಕ ಬರ್ತೈತೇನ್ರಿ? ಕಚ್ಚಿ ಹಿಡ್ಕಂತೈತಿ. ಅಂಟಿಸುವಾಗ ಒಂದು ಹನಿ ಇರಂಗಿಲ್ಲ, ಕೊಯ್ಯುವಾಗ ನೀರು ಬೇಕೇ ಬೇಕು. ನಮ್ ಗ್ಯಾಂಗಿನಾಗ ಚಾಕು ತೆಗದ್ರ ಮೊದಲು ನೀರು ಕೇಳಾದು.” ತಲೆಯೆತ್ತಿ ನನ್ನನ್ನು ನೋಡಿದರು. “ಅವನಿಗೆ ನೀರು ಕೊಟ್ರಿಲ್ಲೋ?”

ಕೊಟ್ಟಿದ್ದೆವು. ಪುಡಿ ಕಲಸಿ, ಗಂಜಿ ಮಾಡಿ, ಬಾಯಿಗೆ ಹಿಡಿದು, ಬೇಡವೆಂದರೂ ಕುಡಿಸಿ ಕೆಮ್ಮಿಸಿದ್ದೆವು. ಆ ಕ್ಷಣ ನನಗಾದದ್ದು ನಾಚಿಕೆ, ಬೇರೆ ಹೆಸರು ಬೇಡ ಅದಕ್ಕೆ. ಚಾಕು ಸುತ್ತಿಸಿಕೊಂಡು ಬಂದೆ.

ಬಸ್ಸಿನಲ್ಲಿ ಯೋಚನೆ ಮಾಡಿದೆ. ಈಗ ನನ್ನ ಹತ್ತಿರ ಸರಿಯಾದ ಪ್ರಶ್ನೆಯಿತ್ತು. “ಬೆಲ್ಟ್ ಕೊಯ್ಯಾಕ?” ಎಂದು ಕೇಳಿದರೆ, ಹೌದು ಎಂದು ತಲೆದೂಗಿದರೆ, ವರದಿಗೆ ಅಷ್ಟು ಸಾಕು. ಆದರೆ ಹದಿನೇಳು ಸಲ ಕೇಳಿದವಳು ಮತ್ತೊಂದು ಸಲ ಕೇಳುವುದು ನನಗೇ ಸರಿಯೆನಿಸಲಿಲ್ಲ. ಚಾಕು, ನೀರು ಎರಡನ್ನೂ ಅವರ ಮುಂದಿಟ್ಟು, ಏನೂ ಕೇಳದೆ ಕೂತು ನೋಡುವುದೆಂದು ತೀರ್ಮಾನಿಸಿದೆ. ಹರಿತವಾದ ವಸ್ತುವನ್ನು ರೋಗಿಯ ಕೈಗೆ ಕೊಡಬಾರದೆಂಬ ನಿಯಮ ನಮ್ಮಲ್ಲಿದೆ. ಹಿರಿಯ ವೈದ್ಯರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಬಹುದಿತ್ತು. ಇಲ್ಲ ಎನ್ನುತ್ತಾರೆಂದು ಗೊತ್ತಿದ್ದರಿಂದ ಮಾಡಲಿಲ್ಲ. ಅದು ಸರಿಯೆಂದು ಈಗಲೂ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಸೊಸೆಗೆ ಎಲ್ಲ ವಿವರಿಸಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಹಿರಿಯರ ಮುಂದೆ ಒಂದು ಮಣೆ, ಮಣೆಯ ಮೇಲೆ ಚಾಕು, ಪಕ್ಕದಲ್ಲಿ ಒಂದು ಬೋಗುಣಿ ನೀರು ಇಟ್ಟೆವು. ನಾನು ಅವರ ಎಡಕ್ಕೆ, ಕೈಗೆ ಕೈ ಸಿಗುವಷ್ಟು ಹತ್ತಿರ ಕೂತೆ.

ಅವರು ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು. ಚಾಕು ತೆಗೆದು ನೀರಿನಲ್ಲಿ ಅದ್ದಿ ಒಂದು ಸಲ ಕೊಡವಿದರು. ಆಮೇಲೆ ಅದೇ ಚಾಕುವಿನಿಂದ ಹಿತ್ತಲಿನ ಒಗೆಯುವ ಕಲ್ಲಿನತ್ತ ತೋರಿಸಿದರು. ಈ ಸಲ ಸೊಸೆ ಬಚ್ಚಲಿಗೆ ಕರೆದೊಯ್ಯಲು ಎದ್ದು ಬರಲಿಲ್ಲ, ಹಿತ್ತಲಿಗೆ ಹೋಗಿ ನೋಡಿದಳು. ಕಲ್ಲಿನ ಬುಡದಲ್ಲಿ ಕಾಲು ಜಾರದಿರಲೆಂದು ಹಾಸಿದ್ದ ಕಪ್ಪು ತುಂಡು, ವರ್ಷಗಟ್ಟಲೆ ಸೋಪಿನ ನೀರು ಕುಡಿದದ್ದು, ಹಳೆಯ ಬೆಲ್ಟು. “ಅಯ್ಯ, ಇದರ ಮ್ಯಾಲ ನಿಂತು ದಿನಾ ಬಟ್ಟಿ ಒಗೀತೀನಲ್ರಿ,” ಎಂದು ಎತ್ತಿ ತಂದಳು.

ಕೆಲಸ ಸುಲಭವಾಗಿರಲಿಲ್ಲ. ಅವರು ಬಲಗೈಯವರು, ಈಗ ಉಳಿದದ್ದು ಎಡಗೈ. ಮೊದಲ ಎಳೆತ ಅಡ್ಡ ಹೋಯಿತು, ಎರಡನೆಯದರಲ್ಲಿ ಬೆಲ್ಟೇ ಜಾರಿತು. ಅವರು ಸೊಸೆಯ ಪಾದ ನೋಡಿ ಗುರುಗುಟ್ಟಿದರು. ಅವಳಿಗೆ ತಿಳಿಯಿತು, ಬೆಲ್ಟಿನ ಒಂದು ತುದಿಯನ್ನು ಪಾದದಿಂದ ಒತ್ತಿ, ಇನ್ನೊಂದನ್ನು ಕೈಯಲ್ಲಿ ಹಿಡಿದಳು. ನಡುನಡುವೆ ಅವರು ಗದ್ದ ಎತ್ತಿದರೆ ನೀರು ಚಿಮುಕಿಸುವುದು ನನ್ನ ಪಾಲು. ಮೇಲಿನ ರಬ್ಬರಿನೊಡನೆ ಒಂದೇ ಒಂದು ಪದರವನ್ನು ಎರಡು ಬೆರಳಗಲಕ್ಕೆ ಬಿಡಿಸಿ ತೆಗೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಕೆಳಗಿನ ಪದರವನ್ನು ನಾನು ಬೆರಳಾಡಿಸಿ ನೋಡಿದೆ. ಒಂದು ಗೀರೂ ಬಿದ್ದಿರಲಿಲ್ಲ.

ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಅವರು ಮೂಲೆಯಲ್ಲಿ ಬಿದ್ದಿದ್ದ ಹವಾಯಿ ಚಪ್ಪಲಿ ತೋರಿಸಿದರು. ಹಿಮ್ಮಡಿಯ ಎರಡೂ ಪಕ್ಕ ಕೊಕ್ಕೆಯಿಂದ ಒಂದೊಂದು ಸೀಳು ಮಾಡಿ, ಪಟ್ಟಿಯನ್ನು ಅದರಲ್ಲಿ ತೂರಿಸುವಂತೆ ಸೊಸೆಗೆ ಬೆರಳಲ್ಲೇ ಹೇಳಿದರು. ಲಕ್ವ ಹೊಡೆದ ಕಾಲಿಗೆ ಹವಾಯಿ ನಿಲ್ಲುವುದಿಲ್ಲ, ಎರಡು ಹೆಜ್ಜೆಗೆ ಕಳಚಿ ಹೋಗುತ್ತದೆ. ನಡಿಗೆ ಕಲಿಸಲು ಬರುವವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದೆ ಒಂದು ಪಟ್ಟಿ ಬೇಕೆಂದು ಹೊಳೆದದ್ದು ಅವರಿಗೆ. ಇಷ್ಟು ವಾರಗಳಿಂದ ಅದನ್ನೇ ಹೇಳುತ್ತಿದ್ದರು.

ಆ ಸಂಜೆ ಹಳೆಯ ಕರಡನ್ನು ಹರಿದು ಹೊಸದಾಗಿ ಬರೆದೆ. ಹಿರಿಯ ವೈದ್ಯರು ಓದಿ ಕನ್ನಡಕದ ಮೇಲಿಂದ ನೋಡಿದರು.

“ಹದಿನೇಳಕ್ಕೆ ಹದಿನೇಳೂ ಅಲ್ಲ ಅಂದಿದ್ದಾರೆ. ಆದ್ರೂ ಉತ್ತರ ನಂಬಬಹುದು ಅಂತ ಬರೀತೀರಾ?”

“ಹೌದು ಸರ್. ಹದಿನೇಳು ಸಲ ನಾನು ತಪ್ಪು ಕೇಳಿದ್ದೆ. ಹದಿನೇಳು ಸಲವೂ ಅವರು ಸರಿಯಾಗೇ ಹೇಳಿದ್ದರು.”

ಚಾಕು ಕೊಟ್ಟದ್ದಕ್ಕೆ ಬೈಸಿಕೊಂಡೆ, ಅದು ನ್ಯಾಯವೇ. ‘ಅರ್ಥವಾಗುತ್ತದೆ’ ಎಂಬ ಸಾಲಿನ ಕೆಳಗೆ ಅವರು ಸಹಿ ಹಾಕಿದರು.

ಮುಂದಿನ ಭೇಟಿಗೆ ಹೋದಾಗ ಹಿರಿಯರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕಾಲಲ್ಲಿ ಹಿಂಪಟ್ಟಿಯ ಚಪ್ಪಲಿ, ಹಿಂದೆ ಸೊಸೆ. ಮಂಚದವರೆಗೆ ಏಳು ಹೆಜ್ಜೆ ನಡೆದು ಕೂತರು, ಚಪ್ಪಲಿ ಕಳಚಲಿಲ್ಲ. ಉಸಿರು ಬಿಟ್ಟು, ಮೂಲೆಯ ನೀರಿನ ಕೊಡದತ್ತ ಬೆರಳು ತೋರಿಸಿದರು.

ಸೊಸೆ ಒಳಗೆ ಹೋಗಿ ಬಂದಳು. ಒಂದು ಕೈಯಲ್ಲಿ ಪುಡಿ ಕಲಸಿದ ನೀರಿನ ಲೋಟ ಮತ್ತು ಚಮಚ, ಇನ್ನೊಂದರಲ್ಲಿ ಬೋಗುಣಿ. ಎರಡನ್ನೂ ಅವರ ಮುಂದೆ ಹಿಡಿದು ನಿಂತಳು.

“ಮಾಮ, ನೀರು ಚಾಕುಗಾ?”

ತಲೆಯಾಡಿಸಿದರು, ಅಲ್ಲ.

“ನಿಮಗಾ?”

ಹಿರಿಯರ ಭುಜ ಕುಲುಕಿತು. ಸದ್ದಿಲ್ಲದೆ ನಗುತ್ತಿದ್ದರು. ನಗುತ್ತಲೇ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಗದ್ದ ಕೆಳಗಿಳಿಸಿ, ನಿಧಾನವಾಗಿ ಒಮ್ಮೆ ಹ್ಞೂಂಗುಟ್ಟಿದರು. ಅವಳು ಬೋಗುಣಿ ಕೆಳಗಿಟ್ಟು, ಲೋಟವನ್ನು ಅವರ ಬಾಯಿಯ ಹತ್ತಿರ ಹಿಡಿದು ಒಂದೊಂದೇ ಚಮಚ ಕುಡಿಸಿದಳು, ಕೆಮ್ಮು ಬರಲಿಲ್ಲ. ನಾನು ನೋಟ್‌ಬುಕ್ ತೆರೆದು, ಹದಿನೇಳು ‘ಅಲ್ಲ’ಗಳ ಕೆಳಗೆ ಇನ್ನೊಂದು ‘ಅಲ್ಲ’ ಬರೆದು, ಅದರ ಕೆಳಗೆ ‘ಹೌದು’ ಎಂದು ಬರೆದೆ.